ಗುಹಾನ್ವೇಷಣೆ: ಕೋಲಾರ ಸೀಮೆಯ ಗವಿಗಳು ಮತ್ತು ಕರ್ನಾಟಕದ ನೆಲದಾಳ

ನೆಲದಡಿಯಲ್ಲಿ ಅಥವಾ ಬೆಟ್ಟದ ಒಡಲಲ್ಲಿ ಸಹಜವಾಗಿ ಉಂಟಾದ, ಮನುಷ್ಯ ನುಸುಳಬಹುದಾದಷ್ಟು ಅಗಲವಿರುವ ಪೊಳ್ಳುಗಳನ್ನು ಹೊಕ್ಕು, ಅವುಗಳ ಉದ್ದ, ಆಳ, ಕವಲುಗಳನ್ನು ಅರಿಯುವ ಹವ್ಯಾಸಕ್ಕೆ ಗುಹಾನ್ವೇಷಣೆ ಎಂದು ಹೆಸರು. ಗುಹೆಯ ಹುಟ್ಟು, ಬೆಳವಣಿಗೆ, ಅದರೊಳಗಿನ ಜೀವಿಗಳು ಮತ್ತು ಪ್ರಾಚೀನ ಅವಶೇಷಗಳನ್ನು ಕ್ರಮಬದ್ಧವಾಗಿ ಅಭ್ಯಸಿಸುವ ಗುಹಾವಿಜ್ಞಾನದಿಂದ ಇದು ಬೇರೆಯಾದರೂ ಇವೆರಡರ ಗಡಿ ಎಂದೂ ಸ್ಪಷ್ಟವಾಗಿಲ್ಲ. ಜಗತ್ತಿನ ದೊಡ್ಡ ಗುಹೆಗಳ ನಕ್ಷೆಗಳಲ್ಲಿ ಬಹುಪಾಲನ್ನು ಬರೆದವರು ಸಂಬಳಕ್ಕಾಗಿ ದುಡಿದ ವಿಜ್ಞಾನಿಗಳಲ್ಲ, ರಜೆಯ ದಿನಗಳನ್ನು ಕತ್ತಲೆಯಲ್ಲಿ ಕಳೆದ ಹವ್ಯಾಸಿಗಳು. ಕರ್ನಾಟಕದಲ್ಲಿ ಈ ಹವ್ಯಾಸದ ಪರಿಚಯ ಬಹಳ ಜನಕ್ಕೆ ಮೊದಲು ಆಗುವುದು ಕೋಲಾರ ಪಟ್ಟಣದ ಪಕ್ಕದ ಅಂತರಗಂಗೆ ಬೆಟ್ಟದಲ್ಲಿ. ಅಲ್ಲಿಂದ ಆಗ್ನೇಯಕ್ಕೆ ಬಂಗಾರಪೇಟೆ, ಅದರಾಚೆ ರೈಲುಮಾರ್ಗ ಕೊನೆಗೊಳ್ಳುವ ಮಾರಿಕುಪ್ಪಂ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶ ಇವೆ. ಬೆಟ್ಟದ ಮೇಲಿನ ಬಂಡೆಗವಿ, ನೆಲದಡಿ ಮೂರು ಕಿಲೋಮೀಟರ್ ಮೀರಿ ಇಳಿದ ಗಣಿ ಎರಡೂ ಒಂದೇ ಜಿಲ್ಲೆಯಲ್ಲಿರುವ ಈ ಸೀಮೆಯಷ್ಟು ಗುಹಾನ್ವೇಷಣೆಯ ಪ್ರಶ್ನೆಗಳನ್ನು ಒಟ್ಟಿಗೆ ಮುಂದಿಡುವ ಜಾಗ ರಾಜ್ಯದಲ್ಲಿ ಇನ್ನೊಂದಿಲ್ಲ.

ಗುಹೆಯ ಸ್ವರೂಪವನ್ನು ಮುಖ್ಯವಾಗಿ ನಿರ್ಧರಿಸುವುದು ಅಲ್ಲಿನ ಕಲ್ಲು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಈ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಸಾವಿರಾರು ವರ್ಷ ಕರಗಿಸಿದಾಗ ಸುರಂಗಗಳೂ ವಿಶಾಲವಾದ ಹಜಾರಗಳೂ ಉಂಟಾಗುತ್ತವೆ. ಕರಗಿದ ಸುಣ್ಣ ಮತ್ತೆ ಹರಳುಗಟ್ಟಿ ಚಾವಣಿಯಿಂದ ತೊಂಗಲಾಗಿ ಇಳಿಯುತ್ತದೆ, ನೆಲದಿಂದ ಕಂಬವಾಗಿ ಏಳುತ್ತದೆ. ಜಗತ್ತಿನ ಅತ್ಯಂತ ಉದ್ದದ ಗುಹೆಯಾದ ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆ ಈ ಬಗೆಯದು. ಅದರಲ್ಲಿ ಇದುವರೆಗೆ ಅಳೆದಿರುವ ದಾರಿಯೇ 680 ಕಿಲೋಮೀಟರ್ ಮೀರಿದೆ. ಕರ್ನಾಟಕದ ನೆಲದ ಬಹುಭಾಗ ಹಾಗಿಲ್ಲ. ಇಲ್ಲಿರುವುದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಗ್ರಾನೈಟ್, ಅದರ ಬಂಧುವಾದ ಪಟ್ಟೆಪಟ್ಟೆಯ ನೈಸ್ ಶಿಲೆ, ಅವುಗಳ ನಡುವೆ ಉದ್ದುದ್ದಕ್ಕೆ ಹಾಯ್ದ ಪದರಶಿಲೆಯ ಪಟ್ಟಿಗಳು. ಇವು ನೀರಿಗೆ ಸುಲಭವಾಗಿ ಕರಗುವ ಕಲ್ಲುಗಳಲ್ಲ. ಆದ್ದರಿಂದ ಒಳನಾಡಿನಲ್ಲಿ ಗುಹೆ ಎಂದರೆ ಹೆಚ್ಚಾಗಿ ಬಂಡೆಗಳ ಸಂದಿಯೇ ಹೊರತು ನೀರು ಕೊರೆದ ಸುರಂಗವಲ್ಲ.

ಶತಶೃಂಗ ಪರ್ವತವೆಂದೂ ಕರೆಯಲಾಗುವ ಅಂತರಗಂಗೆಯ ಬೆಟ್ಟಸಾಲು ಇಂಥ ಬಂಡೆಗವಿಗಳಿಗೆ ಒಳ್ಳೆಯ ಮಾದರಿ. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕೋಲಾರ ಪಟ್ಟಣದ ಅಂಚಿನಿಂದ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ದೇವಾಲಯವೂ, ಕಲ್ಲಿನ ಬಸವನ ಬಾಯಿಂದ ನೀರು ಬೀಳುವ ಕಲ್ಯಾಣಿಯೂ ಸಿಗುತ್ತವೆ. ಬೆಟ್ಟಕ್ಕೆ ಹೆಸರು ಬಂದದ್ದೂ ಈ ನೀರಿನಿಂದಲೇ. ಗುಡಿಯ ಹಿಂದಿನಿಂದ ಮೇಲಕ್ಕೆ ಬಂಡೆಗಳ ರಾಶಿ ಆರಂಭವಾಗುತ್ತದೆ. ಆಳದಲ್ಲಿ ಹೆಪ್ಪುಗಟ್ಟಿದ ಶಿಲೆಯ ಮೇಲಿನ ಹೊರೆ ಸವೆದುಹೋದಂತೆ ಒತ್ತಡ ಕಡಿಮೆಯಾಗಿ ಕಲ್ಲು ಅಡ್ಡಡ್ಡ, ಉದ್ದುದ್ದ ಬಿರಿಯುತ್ತದೆ. ಈ ಬಿರುಕುಗಳಿಗೆ ಇಳಿದ ನೀರು ಕಲ್ಲಿನ ಮೂಲೆಗಳನ್ನು ಮೊದಲು ಕೊಳೆಸಿ ಮಣ್ಣಾಗಿಸುವುದರಿಂದ ಚೌಕವಾಗಿದ್ದ ತುಂಡುಗಳ ಗಟ್ಟಿ ತಿರುಳು ಮಾತ್ರ ಗುಂಡಗೆ ಉಳಿದುಕೊಳ್ಳುತ್ತದೆ. ಮುಂದೆ ಸುತ್ತಲ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಒಂದರ ಮೇಲೊಂದು ಕುಸಿದು ಕೂರುತ್ತವೆ. ಅವುಗಳ ನಡುವೆ ಉಳಿಯುವ ಖಾಲಿ ಜಾಗವೇ ಗವಿ. ಹೀಗಾಗಿ ಇಲ್ಲಿನ ಗವಿಗೆ ನಿಜವಾದ ಗೋಡೆ, ಚಾವಣಿ ಎಂಬುದಿಲ್ಲ. ತಲೆಯ ಮೇಲಿರುವುದು ಎರಡು ಬಂಡೆಗಳಿಗೆ ಒರಗಿ ನಿಂತ ಮೂರನೆಯ ಬಂಡೆ.

ಒಳಹೊಕ್ಕವರು ಕೆಲವೆಡೆ ಹೊಟ್ಟೆಯ ಮೇಲೆ ತೆವಳಬೇಕು, ಕೆಲವೆಡೆ ಬೆನ್ನನ್ನು ಒಂದು ಬಂಡೆಗೂ ಪಾದಗಳನ್ನು ಎದುರಿನದಕ್ಕೂ ಒತ್ತಿ ಹಿಡಿದು ಇಂಚಿಂಚಾಗಿ ಇಳಿಯಬೇಕು. ಬೇಸಿಗೆಯ ಮಧ್ಯಾಹ್ನದಲ್ಲಿಯೂ ಒಳಗಿನ ಕಲ್ಲು ತಣ್ಣಗಿರುತ್ತದೆ. ಎಷ್ಟೋ ಜನರ ಅಂಗೈ, ಮೊಣಕೈಗಳು ತಾಗಿದ ಕಡೆ ಒರಟು ಹರಳುಗಳು ಸವೆದು ಬಂಡೆಯ ಮೈ ನುಣುಪಾಗಿ ಜಾರುತ್ತದೆ. ಬೆಂಗಳೂರಿನ ಚಾರಣ ಸಂಘಗಳು ವಾರಾಂತ್ಯದಲ್ಲಿ ಇಲ್ಲಿಗೆ ತಂಡಗಳನ್ನು ಕರೆತರುತ್ತವೆ, ರಾತ್ರಿ ಬೆಟ್ಟ ಹತ್ತಿ ಸೂರ್ಯೋದಯ ನೋಡುವ ರೂಢಿಯೂ ಬೆಳೆದಿದೆ. ಇವರಲ್ಲಿ ಬಹುಪಾಲು ಜನ ಒಮ್ಮೆ ಬಂದು ಹೋಗುವವರು. ದಾರಿ ತೋರುವ ಸ್ಥಳೀಯರಿಗೆ ಯಾವ ಸಂದಿ ಎಲ್ಲಿಗೆ ತೆರೆಯುತ್ತದೆ, ಮಳೆಯ ನಂತರ ಯಾವುದು ಜಾರುತ್ತದೆ ಎಂಬುದು ಬಾಯಿಪಾಠವಾಗಿರುತ್ತದೆ. ಬೆಟ್ಟದ ಮೇಲೆ ತೇರಹಳ್ಳಿ ಮೊದಲಾದ ಹಳ್ಳಿಗಳಿದ್ದು, ಅಲ್ಲಿಯವರಿಗೆ ಈ ಬಂಡೆಗಳು ಸಾಹಸದ ತಾಣವಲ್ಲ, ದನಕುರಿ ಕಾಯುವ ಜಾಗ. ಗವಿಯ ನಿಜವಾದ ಅನ್ವೇಷಕರು ಎಂದರೆ ಇವರೇ ಎನ್ನಬಹುದು. ಅವರ ತಿಳಿವಳಿಕೆ ಬರಹಕ್ಕೆ ಇಳಿದಿಲ್ಲವೆಂಬುದಷ್ಟೇ ಕೊರತೆ.

ಕನ್ನಡ ನಾಡಿನಲ್ಲಿ ಗವಿಯನ್ನು ಹೊಗುವ ಅಭ್ಯಾಸ ಹವ್ಯಾಸಕ್ಕಿಂತ ಎಷ್ಟೋ ಹಳೆಯದು. ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟದ ಗವಿಗಳನ್ನು ಜನ ಸೀತೆ ಮತ್ತು ಲವಕುಶರ ಕಥೆಯೊಂದಿಗೆ ಜೋಡಿಸುತ್ತಾರೆ. ಬೆಂಗಳೂರಿನ ಗವಿ ಗಂಗಾಧರೇಶ್ವರ, ಕೊಪ್ಪಳದ ಗವಿಮಠ ಮೊದಲಾದ ಕಡೆ ಗವಿಯೇ ಗುಡಿಯಾಗಿದೆ, ಮಠವಾಗಿದೆ. ಇತಿಹಾಸಕ್ಕೂ ಬಂಡೆಗವಿಗಳು ದೊಡ್ಡ ಉಪಕಾರ ಮಾಡಿವೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಸಿ. ಬೀಡನ್ ಚಿನ್ನದ ಗಣಿಗಾರಿಕೆಯ ಎಂಜಿನಿಯರಾಗಿದ್ದು, ಚಿನ್ನದ ಜಾಡು ಹಿಡಿದು ರಾಯಚೂರು ಸೀಮೆಯ ಗುಡ್ಡಗಳನ್ನು ಅಲೆದವರಲ್ಲೊಬ್ಬರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕನ ಶಾಸನಗಳು ಪತ್ತೆಯಾದದ್ದು 1931ರಲ್ಲಿ.

ಚಿನ್ನದ ಜಾಡು ಕೋಲಾರದಲ್ಲಿ ಹಿಡಿದ ದಾರಿಯೇ ಬೇರೆ. ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಉತ್ತರ ದಕ್ಷಿಣವಾಗಿ ಚಾಚಿರುವ ಕಿರಿದಾದ ಪದರಶಿಲೆಯ ಪಟ್ಟಿಯಲ್ಲಿ ಬೆಣಚುಕಲ್ಲಿನ ಎಳೆಗಳಿದ್ದು, ಚಿನ್ನವಿರುವುದು ಇವುಗಳಲ್ಲಿ. ಆಧುನಿಕ ಯಂತ್ರಗಳು ಬರುವುದಕ್ಕೆ ಶತಮಾನಗಳ ಹಿಂದೆಯೇ ಇಲ್ಲಿಯವರು ಬಂಡೆಗೆ ಬೆಂಕಿ ಹಾಕಿ ಕಾಯಿಸಿ ಬಿರಿಯಿಸುವ ವಿಧಾನದಿಂದ ಈ ಎಳೆಗಳನ್ನು ಬೆನ್ನಟ್ಟಿ ಇಳಿದಿದ್ದರು. ಹಳೆಯ ಗುಂಡಿಗಳಲ್ಲಿ ಸಿಕ್ಕ ಮರದ ಆಸರೆಗಳ ಕಾಲನಿರ್ಣಯದಿಂದ ಕ್ರಿಸ್ತಶಕದ ಮೊದಲ ಸಹಸ್ರಮಾನದಲ್ಲಿಯೇ ಇಲ್ಲಿ ಕೆಲಸ ನಡೆದಿತ್ತೆಂದು ತಿಳಿದುಬಂದಿದೆ. 1802ರಲ್ಲಿ ಜಾನ್ ವಾರನ್ ಎಂಬ ಸೇನಾಧಿಕಾರಿ ಇಲ್ಲಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದರು. 1870ರ ದಶಕದಲ್ಲಿ ಮೈಕಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದರು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಕೈಹಾಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರ್ಗಾಂ, ನಂದಿದುರ್ಗ ಎಂಬ ನಾಲ್ಕು ದೊಡ್ಡ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು.

ಗುಹಾನ್ವೇಷಕನಿಗೆ ಈ ಗಣಿಗಳು ಮುಖ್ಯವಾಗುವುದು ಅವುಗಳ ಆಳದಿಂದ. ಇದುವರೆಗೆ ಮನುಷ್ಯ ಇಳಿದಿರುವ ಅತ್ಯಂತ ಆಳದ ಸಹಜ ಗುಹೆ ಕಪ್ಪುಸಮುದ್ರದ ಬಳಿಯ ಅಬ್ಖಾಜಿಯಾದ ವೆರ್ಯೋವ್‌ಕಿನಾ. ಅದರ ಆಳ ಸುಮಾರು 2,200 ಮೀಟರ್. ಅಲ್ಲಿಗೆ ತಲುಪಲು ಪರಿಣತ ತಂಡಗಳು ನೆಲದಡಿಯಲ್ಲೇ ಬೀಡುಬಿಟ್ಟು ದಿನಗಟ್ಟಲೆ ಹಗ್ಗದ ಮೇಲೆ ಇಳಿಯಬೇಕಾಗುತ್ತದೆ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3,200 ಮೀಟರ್. ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂಗಳ ಕಾರ್ಮಿಕರು, ಅವರಲ್ಲಿ ಹೆಚ್ಚಿನವರು ತಮಿಳುನಾಡಿನ ಬಡ ಹಳ್ಳಿಗಳಿಂದ ಬಂದ ಕುಟುಂಬದವರು, ಪಾಳಿಯ ಕೆಲಸಕ್ಕೆಂದು ಕೇಜಿನಲ್ಲಿ ನಿಂತು ಇಳಿಯುತ್ತಿದ್ದ ಆಳ ಯಾವ ಗುಹಾನ್ವೇಷಕನೂ ಕಂಡಿರದದ್ದು. ಸಹಜ ಗುಹೆಯ ಒಳಗಿನ ಗಾಳಿ ಸಾಮಾನ್ಯವಾಗಿ ಆ ಪ್ರದೇಶದ ವಾರ್ಷಿಕ ಸರಾಸರಿ ಉಷ್ಣತೆಯ ಸುತ್ತಮುತ್ತ ಉಳಿಯುತ್ತದೆ. ಗಣಿಯಲ್ಲಿ ಹಾಗಲ್ಲ, ಇಳಿದಂತೆಲ್ಲ ಕಲ್ಲು ಕಾಯುತ್ತದೆ, ತಳದ ಲೆವೆಲ್‌ಗಳಲ್ಲಿ ಶಿಲೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿದ್ದರಿಂದ ತಂಪು ಮಾಡಿದ ಗಾಳಿಯನ್ನು ಕೆಳಗೆ ನೂಕಬೇಕಾಗಿತ್ತು. ಕಲ್ಲು ಅಗೆದು ತೆಗೆದ ಕಡೆ ಸುತ್ತಲ ಬಂಡೆಯ ಒತ್ತಡ ಒಮ್ಮೆಲೆ ಸಿಡಿದು ಸುರಂಗವನ್ನೇ ಪುಡಿಮಾಡುವ ರಾಕ್‌ಬರ್ಸ್ಟ್ ಇಲ್ಲಿನ ದೊಡ್ಡ ಭಯವಾಗಿದ್ದು, ಅದರ ನಡುಕ ಮೇಲಿನ ಮನೆಗಳಿಗೂ ತಟ್ಟುತ್ತಿತ್ತು. ಶಿಲೆಯ ಈ ವರ್ತನೆಯನ್ನು ಅಭ್ಯಸಿಸುವ ರಾಷ್ಟ್ರೀಯ ಶಿಲಾಯಂತ್ರವಿಜ್ಞಾನ ಸಂಸ್ಥೆ 1988ರಲ್ಲಿ ಕೋಲಾರ ಚಿನ್ನದ ಗಣಿಯಲ್ಲೇ ಆರಂಭವಾಯಿತು.

ಆಳವನ್ನು ಅರಿವಿಗಾಗಿ ಬಳಸಿದ ಒಂದು ಪ್ರಸಂಗವನ್ನು ಇಲ್ಲಿ ಹೇಳದಿರಲಾಗದು. ಬಾಹ್ಯಾಕಾಶದಿಂದ ಸುರಿಯುವ ಕಣಗಳನ್ನು ತಡೆಯಲು ಕಿಲೋಮೀಟರ್‌ಗಟ್ಟಲೆ ದಪ್ಪದ ಬಂಡೆ ಬೇಕಿದ್ದರಿಂದ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳು ಚಾಂಪಿಯನ್ ರೀಫ್‌ನಲ್ಲಿ ಎರಡು ಕಿಲೋಮೀಟರ್‌ಗೂ ಕೆಳಗೆ ಉಪಕರಣಗಳನ್ನಿಟ್ಟು, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳ ಜಾಡನ್ನು 1965ರಲ್ಲಿ ಗುರುತಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ನಡೆದ ಪ್ರಯೋಗವನ್ನು ಬಿಟ್ಟರೆ ಜಗತ್ತಿನಲ್ಲಿ ಅಂಥ ಫಲಿತಾಂಶ ಬೇರೆಲ್ಲೂ ಬಂದಿರಲಿಲ್ಲ.

ಮುಚ್ಚಿದ ಗಣಿಯನ್ನು ಗುಹೆಯೆಂದು ಬಗೆದು ಒಳಹೋಗುವ ಚಪಲ ಹಲವು ದೇಶಗಳಲ್ಲಿ ಹವ್ಯಾಸದ ರೂಪ ಪಡೆದಿದೆ. ಕೋಲಾರದಲ್ಲಿ ಅದಕ್ಕೆ ಎಡೆಯೇ ಇರಬಾರದು. ನೀರೆತ್ತುವ ಪಂಪುಗಳು ನಿಂತ ಮೇಲೆ ಕೆಳಗಿನ ಲೆವೆಲ್‌ಗಳು ಮುಳುಗಿವೆ. ಗುಹೆ ಸಾವಿರಾರು ವರ್ಷಗಳಲ್ಲಿ ತನ್ನ ಭಾರವನ್ನು ತಾನೇ ಹೊರಲು ಕಲಿತಿರುತ್ತದೆ. ಗಣಿ ಮರ, ಕಬ್ಬಿಣ, ಕಾಂಕ್ರೀಟಿನ ಆಸರೆಯ ಮೇಲೆ ನಿಂತಿರುವುದರಿಂದ ಆಸರೆ ಕೊಳೆತಂತೆ ಕುಸಿಯುತ್ತದೆ. ಗಾಳಿಯಾಡದ ಶಾಫ್ಟುಗಳಲ್ಲಿ ಆಮ್ಲಜನಕ ತೀರ ಕಡಿಮೆಯಿದ್ದರೆ ಯಾವ ವಾಸನೆಯ ಮುನ್ಸೂಚನೆಯೂ ಇಲ್ಲದೆ ಮನುಷ್ಯ ಕುಸಿದುಬೀಳಬಹುದು. ಹೊರಗೆ ಕಾಣುವ, ಊರವರು ಸೈನೈಡ್ ದಿಬ್ಬಗಳೆಂದು ಕರೆಯುವ ಬೂದುಬಣ್ಣದ ಗುಡ್ಡಗಳು ಚಿನ್ನ ಬೇರ್ಪಡಿಸಿ ಉಳಿದ ಪುಡಿಯ ರಾಶಿಗಳೇ ಹೊರತು ಬೆಟ್ಟಗಳಲ್ಲ.

ಹವ್ಯಾಸವಾಗಿ ಗುಹಾನ್ವೇಷಣೆ ಸ್ಪಷ್ಟ ರೂಪ ತಾಳಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಯುರೋಪಿನಲ್ಲಿ. ವಕೀಲಿ ವೃತ್ತಿಯ ಫ್ರೆಂಚ್ ಅನ್ವೇಷಕ ಎದುವಾರ್ ಆಲ್ಫ್ರೆದ್ ಮಾರ್ತೆಲ್ 1888ರಿಂದ ಹಗ್ಗದ ಏಣಿ, ಮಡಚುವ ದೋಣಿ, ಮೋಂಬತ್ತಿಗಳೊಂದಿಗೆ ಗುಹೆಗಳಿಗಿಳಿದು, ಪ್ರತಿಯೊಂದನ್ನೂ ಅಳೆದು ಬರೆದು, 1895ರಲ್ಲಿ ಅದಕ್ಕೊಂದು ಸಂಘವನ್ನು ಕಟ್ಟಿದರು. ದಕ್ಷಿಣ ಭಾರತದಲ್ಲಿ ಇದಕ್ಕೂ ಮೊದಲೇ ಗಂಭೀರವಾದ ಕೆಲಸ ನಡೆದಿತ್ತು. ಬಳ್ಳಾರಿಗೆ ಪೂರ್ವದಲ್ಲಿರುವ ಕರ್ನೂಲು ಸೀಮೆಯ ಸುಣ್ಣಕಲ್ಲಿನ ಬಿಲ್ಲಸುರ್ಗಂ ಗುಹೆಗಳನ್ನು 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಗುರುತಿಸಿದ್ದರು. ಕರ್ನಾಟಕದ ಪದರಶಿಲೆಗಳಿಗೆ ಧಾರವಾಡ ಶಿಲಾವರ್ಗವೆಂಬ ಹೆಸರು ಕೊಟ್ಟ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ತಮ್ಮ ಮಗ ಹೆನ್ರಿಯೊಂದಿಗೆ ಅಲ್ಲಿ ಉತ್ಖನನ ನಡೆಸಿ, ಪ್ರಾಚೀನ ಪ್ರಾಣಿಗಳ ಅಸ್ಥಿಗಳನ್ನು ಹೊರತೆಗೆದರು. ಅದೇ ಸೀಮೆಯ ಬೇಲಂ ಗುಹೆಯನ್ನೂ ಫೂಟ್ 1884ರಲ್ಲಿ ದಾಖಲಿಸಿದರೂ, ಮುಂದಿನ ಸುಮಾರು ನೂರು ವರ್ಷ ಯಾರೂ ಅತ್ತ ಗಮನ ಹರಿಸಲಿಲ್ಲ. 1982 ಮತ್ತು 1983ರಲ್ಲಿ ಜರ್ಮನಿಯ ಹರ್ಬರ್ಟ್ ಡೇನಿಯಲ್ ಗೆಬಾವರ್ ನೇತೃತ್ವದ ತಂಡ ಊರಿನವರ ನೆರವಿನಿಂದ ಅದನ್ನು ಕೊನೆಮುಟ್ಟ ಅಳೆದು, 3,229 ಮೀಟರ್ ಉದ್ದವೆಂದು ನಿಗದಿಪಡಿಸಿತು. ಇಂದು ಬೇಲಂ ದೀಪ, ಮೆಟ್ಟಿಲು, ಗಾಳಿಕೊಳವೆಗಳಿರುವ ಪ್ರವಾಸಿ ತಾಣ. ಅದರ ಹಿಂದೆ ಅಳತೆಪಟ್ಟಿ ಹಿಡಿದು ಕೆಸರಲ್ಲಿ ಹರಿದಾಡಿದ ಆ ದಿನಗಳ ಶ್ರಮವಿದೆ. ಭಾರತದಲ್ಲಿ ಈ ಹವ್ಯಾಸ ಅತ್ಯಂತ ಸಮೃದ್ಧವಾಗಿ ಬೆಳೆದದ್ದು ಮೇಘಾಲಯದಲ್ಲಿ. 1922ರಲ್ಲಿ ಪ್ರಾಣಿವಿಜ್ಞಾನಿಗಳಾದ ಕೆಂಪ್ ಮತ್ತು ಚೋಪ್ರಾ ಅಲ್ಲಿನ ಸಿಜು ಗುಹೆಯ ಜೀವಿಗಳನ್ನು ಅಭ್ಯಸಿಸಿದ್ದರು. 1990ರ ದಶಕದಿಂದ ಶಿಲ್ಲಾಂಗಿನ ಬ್ರಯನ್ ಖರ್‌ಪ್ರಾನ್ ಡೇಲಿ ಮತ್ತು ಸಂಗಡಿಗರು ವಿದೇಶೀ ಹವ್ಯಾಸಿಗಳ ಜೊತೆ ಸೇರಿ ನೂರಾರು ಗುಹೆಗಳ ನಕ್ಷೆ ತಯಾರಿಸಿದರು. ಅಲ್ಲಿನ ಕ್ರೆಂ ಪುರಿ 24 ಕಿಲೋಮೀಟರ್ ಮೀರಿದ್ದು, ಮರಳುಗಲ್ಲಿನ ಗುಹೆಗಳಲ್ಲಿ ಜಗತ್ತಿಗೇ ಉದ್ದದ್ದೆನಿಸಿದೆ.

ಕರ್ನಾಟಕದಲ್ಲಿ ಸುಣ್ಣಕಲ್ಲಿನ ಗುಹೆಗಳು ಇಲ್ಲವೆಂದಲ್ಲ. ಉತ್ತರ ಕನ್ನಡದ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಕಪ್ಪು ಭೈರವೇಶ್ವರ ಶಿಖರದ ಬುಡದಲ್ಲಿ ಗುಹಾದೇವಾಲಯವಿದೆ. ದಾಂಡೇಲಿ ಕಾಡಿನ ಕವಳ ಗುಹೆಯಲ್ಲಿ ಸುಣ್ಣದ ಕಂಬವೇ ಲಿಂಗವಾಗಿ ಶಿವರಾತ್ರಿಗೆ ಪೂಜೆಗೊಳ್ಳುತ್ತದೆ. ಕರಾವಳಿಯಲ್ಲಿ ಮುರಕಲ್ಲಿನ ಗುಹೆಗಳ ಬಗೆ ಇನ್ನೊಂದು. ಮಂಗಳೂರು ಸಮೀಪದ ನೆಲ್ಲಿತೀರ್ಥದಲ್ಲಿ ಭಕ್ತರು ಸುಮಾರು 200 ಮೀಟರ್ ಉದ್ದದ ಗುಹೆಯನ್ನು ಬಾಗಿ, ತೆವಳಿ ದಾಟಿ ತೀರ್ಥಸ್ನಾನ ಮಾಡುತ್ತಾರೆ. ಮಳೆಗಾಲದ ತಿಂಗಳುಗಳಲ್ಲಿ ಪ್ರವೇಶ ನಿಲ್ಲಿಸುವ ಅಲ್ಲಿನ ಪದ್ಧತಿ ಸುರಕ್ಷತೆಯ ದೃಷ್ಟಿಯಿಂದಲೂ ವಿವೇಕದ್ದು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಕೃಷಿಕರು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆಯುವ ಸುರಂಗಗಳು ಮಾನವನಿರ್ಮಿತವಾದರೂ, ಒಬ್ಬನೇ ಕೂತು ಅಗೆಯುವಷ್ಟು ಇಕ್ಕಟ್ಟಿನಲ್ಲಿ ಮಣ್ಣಿನ ಗುಣ, ಗಾಳಿಯ ಕೊರತೆ, ನೀರಿನ ಜಾಡುಗಳನ್ನು ಓದುವ ಅವರ ಕುಶಲತೆಗೆ ಯಾವ ಗುಹಾನ್ವೇಷಕನೂ ತಲೆದೂಗುವಂತಿದೆ.

ಕ್ರಮವಾದ ಗುಹಾನ್ವೇಷಣೆಗೆ ಬೇಕಾದ ಸಾಮಗ್ರಿ ಹೆಚ್ಚೇನಲ್ಲ: ಗಲ್ಲಪಟ್ಟಿಯಿರುವ ಹೆಲ್ಮೆಟ್, ಅದರ ಮೇಲೊಂದು ದೀಪ, ಮೈಮುಚ್ಚುವ ಗಟ್ಟಿ ಬಟ್ಟೆ, ಹಿಡಿತವಿರುವ ಬೂಟು. ಪ್ರತಿಯೊಬ್ಬರ ಬಳಿಯೂ ಮೂರು ಪ್ರತ್ಯೇಕ ದೀಪಗಳಿರಬೇಕೆಂಬುದು ಹಲವು ದೇಶಗಳ ಹವ್ಯಾಸಿಗಳು ಒಪ್ಪಿದ ನಿಯಮ. ಮೊಬೈಲ್ ಫೋನಿನ ಬೆಳಕು ಈ ಲೆಕ್ಕಕ್ಕೆ ಬರುವುದಿಲ್ಲ. ಕಡಿದಾದ ಬಾವಿಯಂಥ ಗುಹೆಗಳಲ್ಲಿ ಒಂದೇ ಹಗ್ಗದ ಮೇಲೆ, ಹಿಡಿದು ಬಿಡುವ ಲೋಹದ ಸಾಧನಗಳ ನೆರವಿನಿಂದ ಇಳಿದು ಏರುತ್ತಾರೆ. ಹೊರಗಿರುವ ಒಬ್ಬರಿಗೆ ಯಾವ ಗುಹೆ, ಎಷ್ಟು ಜನ, ಮರಳುವ ಹೊತ್ತು ಯಾವುದು ಎಂದು ತಿಳಿಸಿಯೇ ಒಳಹೋಗುವುದು ವಾಡಿಕೆ. ನಕ್ಷೆ ತಯಾರಿಸುವವರು ಒಂದು ನಿಲುಗಡೆಯಿಂದ ಮುಂದಿನದಕ್ಕೆ ದೂರ, ದಿಕ್ಕು, ಇಳಿಜಾರು ಈ ಮೂರನ್ನೂ ಅಳೆದು, ದಾರಿಯ ಅಗಲ ಎತ್ತರಗಳನ್ನು ಅಲ್ಲೇ ಚಿತ್ರಿಸಿಕೊಳ್ಳುತ್ತಾರೆ. ಟೇಪು ಮತ್ತು ದಿಕ್ಸೂಚಿಯ ಕೆಲಸವನ್ನು ಈಗ ಅಂಗೈಯಗಲದ ಲೇಸರ್ ಉಪಕರಣ ಮಾಡುತ್ತದೆ. ಅಂತರಗಂಗೆಗೆ ಬರುವ ತಂಡಗಳಲ್ಲಿ ಕಾಣದಿರುವುದು ಈ ಅಭ್ಯಾಸವೇ. ಅಳೆಯದೆ, ಬರೆಯದೆ ಹೊರಬಂದರೆ ಅದು ವ್ಯಾಯಾಮವಾದೀತು, ಅನ್ವೇಷಣೆಯಾಗದು.

ಅಪಾಯಗಳಲ್ಲಿ ಮೊದಲನೆಯದು ನೀರು. 2018ರ ಜೂನ್‌ನಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ದಿಢೀರ್ ಮಳೆಗೆ ನೀರು ಏರಿ ಸಿಲುಕಿದ 12 ಬಾಲಕರು ಮತ್ತು ಅವರ ತರಬೇತುದಾರ ಜುಲೈ 10ರ ಹೊತ್ತಿಗೆ ಪಾರಾದರು; ಅವರನ್ನು ಹೊರತಂದ ಮುಳುಗುಗಾರರಲ್ಲಿ ಮುಖ್ಯರಾದವರು ಬ್ರಿಟನ್ನಿನ ಹವ್ಯಾಸಿ ಗುಹಾನ್ವೇಷಕರು. ನೀರೆತ್ತುವ ಕೆಲಸಕ್ಕೆ ಸಲಹೆ ಕೊಡಲು ಕಿರ್ಲೋಸ್ಕರ್ ಬ್ರದರ್ಸ್ ಸಂಸ್ಥೆಯ ಎಂಜಿನಿಯರುಗಳು ಭಾರತದಿಂದ ಹೋಗಿದ್ದರು. ಕೋಲಾರದ ಒಣ ಬೆಟ್ಟಗಳಲ್ಲಿ ಪ್ರವಾಹದ ಭಯ ಕಡಿಮೆ. ಇಲ್ಲಿ ಎಚ್ಚರ ಬೇಕಾಗಿರುವುದು ಅಲುಗುವ ಬಂಡೆ, ಸಂದಿಯಲ್ಲಿ ಸಿಕ್ಕಿಬೀಳುವ ಕಾಲು, ಹಾವು, ಚೇಳು, ಜೇನುಗಳ ಬಗ್ಗೆ; ಬಾವಲಿಗಳ ಹಿಕ್ಕೆಯ ಧೂಳಿನಲ್ಲಿರಬಹುದಾದ, ಶ್ವಾಸಕೋಶಕ್ಕೆ ಸೋಂಕು ತರುವ ಶಿಲೀಂಧ್ರದ ಬಗ್ಗೆ.

ಬಾವಲಿಗಳಿಂದ ಮನುಷ್ಯನಿಗಿರುವ ಅಪಾಯಕ್ಕಿಂತ ಮನುಷ್ಯನಿಂದ ಅವಕ್ಕಿರುವ ಅಪಾಯ ದೊಡ್ಡದು. ಬೆಳಗಾವಿ ಜಿಲ್ಲೆಯ ಖಾನಾಪುರ ಕಾಡಿನ ಬಾರಾಪೇಡೆ ಗುಹೆಯಲ್ಲಿ ಸಿಕ್ಕ ರೌಟನ್ ಬಾವಲಿಯನ್ನು ವಿಜ್ಞಾನ ಗುರುತಿಸಿದ್ದು 1913ರಲ್ಲಿ. ಕಾಂಬೋಡಿಯಾ ಮತ್ತು ಮೇಘಾಲಯಗಳಲ್ಲಿ ಪತ್ತೆಯಾಗುವವರೆಗೆ ಎಂಟು ದಶಕಕ್ಕೂ ಹೆಚ್ಚು ಕಾಲ ಜಗತ್ತಿನಲ್ಲಿ ಅದರ ಗೊತ್ತಿದ್ದ ನೆಲೆ ಈ ಗುಹೆಯೊಂದೇ. 2011ರಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮ ಈಗ ಆ ಗುಹೆಗೆ ರಕ್ಷಣೆ ಕೊಡುತ್ತಿದೆ. ಕೋಲಾರದ ಪ್ರಸಂಗ ಇದಕ್ಕಿಂತ ಗಂಭೀರವಾದದ್ದು. ಮೂಗಿನ ಮೇಲೆ ಎಲೆಯಾಕಾರದ ಚರ್ಮದ ಮಡಿಕೆಯಿದ್ದು, ಮೂಗಿನಿಂದಲೇ ಶಬ್ದ ಹೊರಡಿಸಿ ಅದರ ಪ್ರತಿಧ್ವನಿಯಿಂದ ದಾರಿ ಮತ್ತು ಆಹಾರ ಕಂಡುಕೊಳ್ಳುವ ಕೋಲಾರದ ಎಲೆಮೂಗಿನ ಬಾವಲಿಯನ್ನು ಹೊಸ ಪ್ರಭೇದವೆಂದು 1994ರಲ್ಲಿ ಕಾಕ್ ಮತ್ತು ಭಟ್ ವಿವರಿಸಿದರು. ಅದು ಈ ಜಿಲ್ಲೆಯನ್ನು ಬಿಟ್ಟು ಬೇರೆಲ್ಲಿಯೂ ಸಿಕ್ಕಿಲ್ಲ. ಅಂತರಗಂಗೆ ಬೆಟ್ಟದ ಮೇಲಿನ ತೇರಹಳ್ಳಿಯಲ್ಲಿ ಒಂದು ಕಾಲಕ್ಕೆ ಇದ್ದದ್ದು ಅಲ್ಲಿಂದ ಮರೆಯಾಗಿ, ಹನುಮನಹಳ್ಳಿಯ ಒಂದೇ ಗವಿಯಲ್ಲಿ ಉಳಿದುಕೊಂಡಿದೆ. ಸಂಖ್ಯೆ 200ಕ್ಕೂ ಕಡಿಮೆಯೆಂದು ಅಂದಾಜು; ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ ಇದನ್ನು ತೀವ್ರ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿದೆ. ಸುತ್ತಲಿನ ಬೆಟ್ಟಗಳಲ್ಲಿ ನಡೆದ ಗ್ರಾನೈಟ್ ಕ್ವಾರಿ ಕೆಲಸ ಅದರ ನೆಲೆಗೆ ದೊಡ್ಡ ಬೆದರಿಕೆಯಾಗಿತ್ತು. ಕೋಲಾರದ ಬಂಡೆಗವಿಗಳಿಗೆ ದೀಪ ಹಿಡಿದು ಬರುವವರು ಬಾವಲಿಗಳು ತೂಗಿರುವ ಗವಿ ಕಂಡ ಕೂಡಲೇ ಸದ್ದಿಲ್ಲದೆ ಹಿಂದಿರುಗಿ ಅರಣ್ಯ ಇಲಾಖೆಗೆ ತಿಳಿಸಬೇಕು. ಹನುಮನಹಳ್ಳಿಯ ಗವಿಯನ್ನಂತೂ ಹವ್ಯಾಸಿಗಳು ಪೂರ್ತಿಯಾಗಿ ಬಿಟ್ಟುಬಿಡಬೇಕು.